ಹಿಗ್ಗುವ ಕಬ್ಬಿಣ, ಕುಗ್ಗುವ ಮಕ್ಕಳು

ಮೊನ್ನೆ ನೆರೆಮನೆಯ ಹುಡುಗಿಯೊಬ್ಬಳು ತನ್ನ ವಿಜ್ಞಾನದ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದಳು. ಏಳನೆಯ ತರಗತಿಯವಳು. 'ಕಬ್ಬಿಣ ಕಾದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ' ಎಂದು ಅವಳು ಬರೆದಿದ್ದ ಸಾಲಿನ ಕೆಳಗೆ ಕೆಂಪು ಗೆರೆ ಬಿದ್ದಿತ್ತು. ಎರಡು ಅಂಕಗಳಲ್ಲಿ ಒಂದು ಹೋಗಿತ್ತು. ಪುಸ್ತಕದಲ್ಲಿರುವುದು 'ವ್ಯಾಕೋಚನೆ', 'ಸಂಕೋಚನೆ'. ಆ ಮಾತುಗಳು ಬಾರದಿದ್ದುದೇ ತಪ್ಪು.

"ನೀವು ಕನ್ನಡದ ಮೇಷ್ಟ್ರಲ್ಲವೆ ಮಾಮ, ಹಿಗ್ಗುವುದು ಕನ್ನಡ ಅಲ್ಲವೆ?" ಎಂದು ಕೇಳಿದಳು.

ಕನ್ನಡವೇ ಹೌದು, ಚೊಕ್ಕ ಕನ್ನಡ. ಸಂತೋಷಗೊಂಡ ಮನಸ್ಸಿಗೂ ಕಾದ ಲೋಹಕ್ಕೂ ಒಂದೇ ಮಾತನ್ನು ಕೊಟ್ಟ ಭಾಷೆ ನಮ್ಮದು. ಆದರೆ, ಕಬ್ಬಿಣ ಎಷ್ಟು ಹಿಗ್ಗುತ್ತದೆಂದು ನಾನು ಕೇಳಿದಾಗ ಅವಳು ಎರಡು ಕೈಗಳನ್ನೂ ಅಗಲಿಸಿ ಒಂದು ಮೊಳದಷ್ಟು ತೋರಿಸಿದಳು. ಅವಳ ಮಾತು ಸರಿಯಾಗಿತ್ತು, ಕಾಣ್ಕೆ ಇರಲಿಲ್ಲ. 'ವ್ಯಾಕೋಚನೆ' ಎಂದು ಬರೆದು ಪೂರ್ಣ ಅಂಕ ಪಡೆದವರಿಗೂ ಇದ್ದಿರಲಾರದು.

ನಾನು ಅದೇ ತರಗತಿಯಲ್ಲಿದ್ದಾಗ ನಮ್ಮ ಉಪಾಧ್ಯಾಯರು ಈ ಪಾಠವನ್ನು ಊರಂಚಿನ ಕುಲುಮೆಯಲ್ಲಿ ಮಾಡಿದರು. ಅಂದು ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದಿತ್ತು. ಮೊದಲು ಚಕ್ರದ ಸುತ್ತಳತೆಯನ್ನೂ ಪಟ್ಟಿಯ ಒಳಸುತ್ತನ್ನೂ ನಾವೇ ದಾರದಿಂದ ಅಳೆಯಬೇಕೆಂದರು. ಪಟ್ಟಿ ಮುಕ್ಕಾಲು ಅಂಗುಲ ಚಿಕ್ಕದು! ಕಮ್ಮಾರನ ಲೆಕ್ಕ ತಪ್ಪಿತೆಂದು ನಾವು ನಕ್ಕೆವು. ಅವನೂ ನಕ್ಕು, ಪಟ್ಟಿಯ ಸುತ್ತ ಬೆರಣಿ ಒಟ್ಟಿ ಬೆಂಕಿ ಹಾಕಿದ. ಐದಡಿ ಎತ್ತರದ ಚಕ್ರಕ್ಕೆ ಬೇಕಾದ ಪಟ್ಟಿ ಐನೂರು ಡಿಗ್ರಿಯಷ್ಟು ಕಾದರೆ ಒಂದಂಗುಲಕ್ಕೆ ಕೊಂಚ ಮೇಲೆ ಹಿಗ್ಗುತ್ತದೆಂಬ ಲೆಕ್ಕವನ್ನು ನಾನು ಕಲಿತದ್ದು ಬಹು ಕಾಲದ ಮೇಲೆ. ಅವನಿಗೆ ಅದು ಕೈಯಲ್ಲೇ ಇತ್ತು. "ಹಿಗ್ಗೈತೆ, ಎತ್ರಪ್ಪಾ" ಎಂದ. ಇಕ್ಕಳಗಳಲ್ಲಿ ಎತ್ತಿ ಇಟ್ಟ ಪಟ್ಟಿ ಚಕ್ರದ ಮೇಲೆ ಸಲೀಸಾಗಿ ಕುಳಿತಿತು. ಕೂಡಲೇ ನೀರು ಸುರಿದರು. ಹೊಗೆ ಕವಿದು, ಅರಗಳು ಲಟಲಟನೆ ಬಿಗಿದ ಸದ್ದು ಇಂದಿಗೂ ಕಿವಿಯಲ್ಲಿದೆ. 'ವ್ಯಾಕೋಚನೆ' ಎಂಬ ಪದವನ್ನು ಉಪಾಧ್ಯಾಯರು ಹೇಳಿದ್ದು ಮರಳಿ ಬರುವ ದಾರಿಯಲ್ಲಿ.

ಪಾರಿಭಾಷಿಕ ಪದಗಳ ಮೇಲೆ ನನಗೆ ಜಗಳವಿಲ್ಲ. ಮುಂದಿನ ತರಗತಿಗಳಿಗೆ ಅವು ಬೇಕೇ ಬೇಕು. ನನ್ನ ತಕರಾರು ಕ್ರಮದ ಬಗೆಗೆ ಮಾತ್ರ. ಮಗು ಮೊದಲು ನೋಡಲಿ, ತನ್ನ ಮಾತಿನಲ್ಲಿ ಹೇಳಲಿ. ಆಮೇಲೆ ಶಾಸ್ತ್ರದ ಪದ ಬರಲಿ. ನಮ್ಮಲ್ಲಿ ನಡೆಯುವುದು ತಲೆಕೆಳಗು. ವರ್ಷಕ್ಕೊಮ್ಮೆ ಬಸ್ಸು ಮಾಡಿ ಅರಮನೆ, ಮೃಗಾಲಯ, ಅಣೆಕಟ್ಟುಗಳನ್ನು ಸುತ್ತಿಸಿ ತರುವುದುಂಟು. ಅದು ವಿಹಾರ, ಪಾಠವಲ್ಲ. (ಊಟದ ಪೊಟ್ಟಣವನ್ನು ಬಿಟ್ಟರೆ ಅಂಥ ಪ್ರವಾಸದ ನೆನಪು ನನಗೂ ಇಲ್ಲ.)

ಉಪಾಧ್ಯಾಯರ ಕಷ್ಟಗಳು ನನಗೆ ತಿಳಿಯದವಲ್ಲ. ನಲವತ್ತು ನಿಮಿಷದ ಗಂಟೆ, ಮೇಲಿನವರ ಅನುಮತಿ, ಮಗುವಿಗೆ ಏನಾದರೂ ಆದರೆ ಎಂಬ ಭಯ. ಕುಲುಮೆಗಳೂ ಈಗ ವಿರಳ. ಆದರೆ ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುವುದನ್ನು ನೋಡಲು ಬಸ್ಸೇಕೆ?

ಇದಕ್ಕಿಂತ ದೊಡ್ಡ ತಡೆ ಆ ಕೆಂಪು ಗೆರೆ. 1972ರಲ್ಲಿ ಮಧ್ಯಪ್ರದೇಶದ ಅಂದಿನ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಮಕ್ಕಳೇ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಯೋಜನೆ ಪ್ರಾರಂಭವಾಗಿ, 1978ರಲ್ಲಿ ಜಿಲ್ಲೆಗೆಲ್ಲ ಹಬ್ಬಿತು. ಅದನ್ನು ನಡೆಸಿದವರು ಪಾಠದೊಡನೆ ಪರೀಕ್ಷೆಯನ್ನೂ ಬದಲಿಸಿದರು. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು. ಕೈಯಾರೆ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತೆಂಬುದು ವಿಷಾದದ ಸಂಗತಿ. ಆದರೂ ಅವರು ಹಿಡಿದ ದಾರಿ ಸರಿಯಾದುದೆಂದೇ ನನ್ನ ಎಣಿಕೆ. ಕುಲುಮೆಗೆ ಕರೆದೊಯ್ದು, ಅಲ್ಲಿ ಕೇಳಿದ ಮಾತನ್ನು ಬರೆದ ಮಗುವಿನ ಅಂಕ ಕಳೆಯುವುದಾದರೆ ಯಾವ ಉಪಾಧ್ಯಾಯ ತಾನೆ ಕರೆದೊಯ್ದಾನು?

ಆ ಸಂಜೆ ನನಗೆ ಸಿಕ್ಕಿದ್ದು ಒಂದು ಗಾಜಿನ ಉಪ್ಪಿನಕಾಯಿ ಬಾಟಲಿ. ತಗಡಿನ ಮುಚ್ಚಳ ಬಿಗಿದು ಕುಳಿತಿತ್ತು. ಹುಡುಗಿ ತಿರುವಿ ಸೋತಳು. ಮುಚ್ಚಳವನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ಕೊಟ್ಟೆ. ಸರಕ್ಕನೆ ತಿರುಗಿತು. ಅವಳು ಮುಚ್ಚಳವನ್ನೂ ಬಾಟಲಿಯ ಬಾಯನ್ನೂ ಬಹಳ ಹೊತ್ತು ನೋಡುತ್ತಿದ್ದು, "ಕೂದಲೆಳೆಯಷ್ಟು ಹಿಗ್ಗಿದರೆ ಸಾಕಾ ಮಾಮ?" ಎಂದಳು.

ಹೋದ ಅಂಕವಂತೂ ಇನ್ನೂ ಬಂದಿಲ್ಲ.