ಕರಾಳ ಇತಿಹಾಸದ ನಡಿಗೆ: ಕಥೆಗೂ ಇರಲಿ ಗುಣಮುದ್ರೆ

ಪ್ರವಾಸೋದ್ಯಮವೆಂದೊಡನೆ ದೇವಾಲಯ, ಗಿರಿಧಾಮ, ಜಲಪಾತಗಳಷ್ಟೇ ನೆನಪಿಗೆ ಬರುವುದು ವಾಡಿಕೆ. ಆದರೆ ಜಗತ್ತಿನ ಅನೇಕ ನಗರಗಳಲ್ಲಿ ಬೇರೊಂದು ಬಗೆಯ ಪ್ರವಾಸ ಹಲವು ದಶಕಗಳಿಂದ ನೆಲೆಯೂರಿದೆ. ಮಾರ್ಗದರ್ಶಕನೊಬ್ಬ ಇಪ್ಪತ್ತು ಜನರ ತಂಡವನ್ನು ಹಳೆಯ ಬೀದಿಗಳಲ್ಲಿ ಕಾಲ್ನಡಿಗೆಯಲ್ಲಿ ಕರೆದೊಯ್ಯುತ್ತಾನೆ. ಆ ಊರು ಕಂಡ ಯುದ್ಧ, ಕೊಲೆ, ಮಾರಿಬೇನೆ, ಮರಣದಂಡನೆಗಳ ವೃತ್ತಾಂತವನ್ನೂ, ಅವುಗಳ ಸುತ್ತ ಬೆಳೆದ ದೆವ್ವದ ಕಥೆಗಳನ್ನೂ ಹೇಳುತ್ತಾನೆ. ಇದಕ್ಕೆ ಯಂತ್ರ ಬೇಡ, ಕಟ್ಟಡ ಬೇಡ, ದೊಡ್ಡ ಬಂಡವಾಳವೂ ಬೇಡ. ಬೇಕಾದುದು ಹೇಳಬಲ್ಲ ಬಾಯಿ, ನಡೆಯಬಲ್ಲ ಕಾಲು, ನಂಬಬಹುದಾದ ಕಥೆ.

ಈ ವ್ಯಾಪಾರ ಈಗ ಭಾರತಕ್ಕೂ ಬಂದಿದೆ. ದೆಹಲಿಯ ಪ್ರವಾಸೋದ್ಯಮ ಇಲಾಖೆಯೇ 2023ರಲ್ಲಿ ಮಾಲ್ಚಾ ಮಹಲಿನಿಂದ ಆರಂಭಿಸಿ 'ದೆವ್ವದ ನಡಿಗೆ'ಗಳನ್ನು ಏರ್ಪಡಿಸಿತು. ರಾಜಸ್ಥಾನದ ಭಾನಗಢ ಕೋಟೆಯಲ್ಲಿ ಸೂರ್ಯಾಸ್ತದ ನಂತರ ಪ್ರವೇಶವಿಲ್ಲವೆಂಬ ಪುರಾತತ್ತ್ವ ಇಲಾಖೆಯ ಫಲಕವೇ ಜನರನ್ನು ಸೆಳೆಯುವ ಆಕರ್ಷಣೆಯಾಗಿ ಪರಿಣಮಿಸಿದೆ. ಬೆಂಗಳೂರಿನಲ್ಲಿ ದೆವ್ವದ ಮಾತಿಲ್ಲದ ಶುದ್ಧ ಇತಿಹಾಸದ ನಡಿಗೆಗಳಿಗೂ ಹಣ ತೆರುವ ಜನರಿದ್ದಾರೆಂಬುದನ್ನು 2005ರಲ್ಲಿ ಆರಂಭವಾದ 'ಬ್ಯಾಂಗಲೋರ್ ವಾಕ್ಸ್' ತೋರಿಸಿಕೊಟ್ಟಿತು. ಹೀಗಿರುವಾಗ, ಬೆಂಗಳೂರಿನ ಹೊಸ್ತಿಲಲ್ಲೇ ಇರುವ ಚಿಕ್ಕಬಳ್ಳಾಪುರ ಜಿಲ್ಲೆಯ ವರ್ತಕರು ಈ ಅವಕಾಶವನ್ನು ಹೇಗೆ ಪರಿಗಣಿಸಬೇಕೆಂಬುದು ವಿಚಾರಯೋಗ್ಯ ವಿಷಯ.

ಬರುವ ಜನ, ನಿಲ್ಲದ ಹಣ

ಜಿಲ್ಲೆಗೆ ಪ್ರವಾಸಿಗರ ಕೊರತೆಯಿಲ್ಲ. ವಾರಾಂತ್ಯದ ನಸುಕಿನಲ್ಲಿ ನಂದಿಬೆಟ್ಟದ ರಸ್ತೆ ವಾಹನಗಳಿಂದ ತುಂಬಿಹೋಗುತ್ತದೆ. 2023ರ ಜನವರಿಯಲ್ಲಿ ಈಶಾ ಸಂಸ್ಥೆಯ ಆದಿಯೋಗಿ ಪ್ರತಿಮೆ ಅನಾವರಣಗೊಂಡ ಮೇಲೆ ಸಂಜೆಯ ಹೊತ್ತಿಗೂ ಜನಸಂದಣಿ ಸೇರುತ್ತಿದೆ. ಆದರೆ ಸೂರ್ಯೋದಯ ನೋಡಲು ಬಂದವರು ಬೆಳಗಿನ ಉಪಾಹಾರದ ವೇಳೆಗೆ ಹಿಂದಿರುಗುತ್ತಾರೆ. ಸಂಜೆ ಬಂದವರು ರಾತ್ರಿಯೂಟಕ್ಕೆ ಬೆಂಗಳೂರು ಸೇರುತ್ತಾರೆ. ಜೋಳದ ತೆನೆ, ಚಹಾ, ವಾಹನ ನಿಲುಗಡೆಯ ಶುಲ್ಕ ಇವಿಷ್ಟೇ ಸ್ಥಳೀಯರ ಕೈಸೇರುವ ಆದಾಯ. ಚಿಕ್ಕಬಳ್ಳಾಪುರದ ಪೇಟೆಗಾಗಲಿ, ಶಿಡ್ಲಘಟ್ಟದ ರೇಷ್ಮೆಗಾಗಲಿ, ಚಿಂತಾಮಣಿಯ ಅಂಗಡಿ ಸಾಲಿಗಾಗಲಿ ಈ ಜನಪ್ರವಾಹದ ಲಾಭ ತಟ್ಟುವುದೇ ಇಲ್ಲವೆನ್ನಬಹುದು.

ಕಾಲ್ನಡಿಗೆಯ ಪ್ರವಾಸದ ನಿಜವಾದ ಮೌಲ್ಯ ಇರುವುದು ಇಲ್ಲಿಯೇ. ಉದಾಹರಣೆಗೆ ತಲಾ 400 ರೂಪಾಯಿ ಶುಲ್ಕದ ಇಪ್ಪತ್ತು ಜನರ ಒಂದು ತಂಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಸಂಗ್ರಹವಾಗುವುದು 8,000 ರೂಪಾಯಿ. ಮಾರ್ಗದರ್ಶಕನಿಗೆ 1,500, ತಲಾ ನೂರರಂತೆ ಉಪಾಹಾರಕ್ಕೆ 2,000, ಸಹಾಯಕ ಹಾಗೂ ಇತರ ವೆಚ್ಚಗಳಿಗೆ 1,500 ಕಳೆದರೆ 3,000 ಉಳಿಯುತ್ತದೆ. ಇದು ದೊಡ್ಡ ಮೊತ್ತವಲ್ಲ. ಆದರೆ ಇಪ್ಪತ್ತು ಜನರು ಮೂರು ಗಂಟೆ ಕಾಲ ವಾಹನದಿಂದಿಳಿದು ಊರಿನ ಬೀದಿಯಲ್ಲಿ ನಡೆದರೆಂಬುದು ಈ ಮೊತ್ತಕ್ಕಿಂತ ಹೆಚ್ಚಿನ ಸಂಗತಿ. ವಾಹನದಲ್ಲಿ ಸಾಗುವವನು ಅಂಗಡಿಯನ್ನು ನೋಡುವುದಿಲ್ಲ. ನಡೆದು ಹೋಗುವವನು ನಿಂತು ನೋಡುತ್ತಾನೆ, ಬೆಲೆ ಕೇಳುತ್ತಾನೆ, ಕೊಳ್ಳುತ್ತಾನೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿಯ ಹೊರೆಯೂ ಇಲ್ಲದಿರುವುದರಿಂದ ವಿದ್ಯಾವಂತ ಯುವಕ ಯುವತಿಯರಿಗೆ ಇದೊಂದು ಸುಲಭದ ಸ್ವಯಂ ಉದ್ಯೋಗವಾಗಬಲ್ಲದು.

ಸರಕು ಮೂರು ಬಗೆ

ಲಾಭದ ಲೆಕ್ಕ ಇಷ್ಟು ಸರಳ. ಕಷ್ಟವಿರುವುದು ಸರಕಿನಲ್ಲಿ. ಕರಾಳ ಇತಿಹಾಸವೆಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸರಕುಗಳು ಮಾರಾಟವಾಗುತ್ತವೆ: ದಾಖಲೆಯುಳ್ಳ ಇತಿಹಾಸ, ಪರಂಪರೆಯಿಂದ ಬಂದ ಐತಿಹ್ಯ, ಮನರಂಜನೆಯ ದೆವ್ವದ ಕಥೆ. ಮೂರಕ್ಕೂ ಗಿರಾಕಿಗಳುಂಟು. ಒಂದನ್ನು ಮತ್ತೊಂದರ ಹೆಸರಿನಲ್ಲಿ ಮಾರುವುದು ಮಾತ್ರ ಕಲಬೆರಕೆ.

ಮೊದಲನೆಯ ವರ್ಗಕ್ಕೆ ಜಿಲ್ಲೆಯ ಅತ್ಯುನ್ನತ ನಿದರ್ಶನ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೇ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆಯನ್ನು ಮೀರಿ ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಮಡಿದವರ ಸಂಖ್ಯೆಯ ಬಗ್ಗೆ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಬಹಳ ಅಂತರವಿತ್ತು. ಮೂವತ್ತಕ್ಕೂ ಹೆಚ್ಚು ಮಂದಿ ಎಂಬುದು ಜನಮನದಲ್ಲಿ ಉಳಿದ ಸಂಖ್ಯೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಹಾಗೂ ಸರ್ದಾರ್ ಪಟೇಲರ ನಡುವಿನ ಒಪ್ಪಂದಕ್ಕೆ, ಆ ಮೂಲಕ ಕಾಂಗ್ರೆಸ್ ಧ್ವಜಾರೋಹಣಕ್ಕೆ ಸಂಸ್ಥಾನದ ಸಮ್ಮತಿ ದೊರೆಯುವುದಕ್ಕೆ ದಾರಿಯಾದದ್ದು ಈ ರಕ್ತಪಾತ. ಕರ್ನಾಟಕದ ಜಲಿಯನ್ ವಾಲಾಬಾಗ್ ಎಂದು ಕರೆಯಲ್ಪಡುವ ಆ ಸ್ಥಳದಲ್ಲಿ ಇಂದು ಹುತಾತ್ಮರ ಸ್ಮಾರಕವಿದೆ. ಅಲ್ಲಿಗೆ ಬರುವ ಭಕ್ತರಲ್ಲಿ ಬಹುಪಾಲು ಮಂದಿ ಅಶ್ವತ್ಥಕಟ್ಟೆಗೂ ಸಾಲುಸಾಲು ನಾಗರಕಲ್ಲುಗಳಿಗೂ ಪ್ರದಕ್ಷಿಣೆ ಹಾಕಿ ಹಿಂದಿರುಗುತ್ತಾರೆ. ಕೆಲವೇ ಹೆಜ್ಜೆಗಳ ದೂರದಲ್ಲಿ ನಡೆದ ಘಟನೆಯನ್ನು ಅವರಿಗೆ ಕ್ರಮವಾಗಿ ಹೇಳುವವರು ವಿರಳ.

ನಂದಿದುರ್ಗವೂ ಇದೇ ವರ್ಗಕ್ಕೆ ಸೇರಬೇಕಾದದ್ದು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸುಮಾರು ಮೂರು ವಾರಗಳ ಮುತ್ತಿಗೆಯ ನಂತರ, ದುರ್ಭೇದ್ಯವೆಂದು ಹೆಸರಾಗಿದ್ದ ಈ ಗಿರಿದುರ್ಗವನ್ನು ರಾತ್ರಿಯ ಆಕ್ರಮಣದಲ್ಲಿ ಹಿಡಿಯಿತು. ಇದು ದಾಖಲೆಯುಳ್ಳ ಇತಿಹಾಸ. ಆದರೆ ಬೆಟ್ಟಕ್ಕೆ ಬಂದವರು ಕೇಳುವುದು 'ಟಿಪ್ಪು ಡ್ರಾಪ್' ಎಂಬ ಕಡಿದಾದ ಬಂಡೆಯಿಂದ ಕೈದಿಗಳನ್ನು ತಳ್ಳುತ್ತಿದ್ದರೆಂಬ ಕಥೆಯೊಂದನ್ನೇ. ಅದು ಜನಜನಿತವಾದ ಕಥೆ. ಕಥೆಯೆಂದೇ ಹೇಳಿದರೆ ದೋಷವಿಲ್ಲ. ಮುತ್ತಿಗೆಯ ದಿನಾಂಕವನ್ನು ಹೇಳುವ ದನಿಯಲ್ಲೇ ಇದನ್ನೂ ಹೇಳಿದರೆ ಕೇಳುಗನಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಇತಿಹಾಸ ಪುರುಷರ ಬಗ್ಗೆ ವಾದವಿವಾದಗಳು ಬಿಸಿಯೇರಿರುವ ದಿನಗಳಲ್ಲಿ ಇಂತಹ ಅಜಾಗರೂಕತೆ ವ್ಯಾಪಾರಕ್ಕೂ ಅಪಾಯಕರ.

ಎರಡನೆಯ ವರ್ಗವಾದ ಐತಿಹ್ಯಕ್ಕೆ ಚಿಂತಾಮಣಿ ತಾಲ್ಲೂಕಿನ ಕೈವಾರ ಉತ್ತಮ ಉದಾಹರಣೆ. ಮಹಾಭಾರತದ ಏಕಚಕ್ರನಗರ ಇದೇ ಎಂಬುದು ಸ್ಥಳೀಯರ ನಂಬಿಕೆ. ದಿನಕ್ಕೊಂದು ಬಂಡಿ ಅನ್ನ, ಎರಡು ಎತ್ತು, ಒಬ್ಬ ಮನುಷ್ಯನನ್ನು ನುಂಗುತ್ತಿದ್ದ ಬಕಾಸುರನನ್ನು ಭೀಮ ಕೊಂದದ್ದು ಅಲ್ಲಿಯ ಬೆಟ್ಟದಲ್ಲೆಂದು ಹೇಳುತ್ತಾರೆ. ಸರದಿಯ ಮೇಲೆ ಮನೆಗೊಬ್ಬರನ್ನು ಸಾವಿಗೆ ಕಳುಹಿಸಿಕೊಡುವ ಊರಿನ ಚಿತ್ರಕ್ಕಿಂತ ಭಯಾನಕವಾದ ಕಥೆಯನ್ನು ಯಾವ ವಿದೇಶಿ ಮಾರ್ಗದರ್ಶಕನೂ ಹೇಳಲಾರ. ಇಂತಹ ಕಥೆಗೆ ದಾಖಲೆಯ ಹಂಗಿಲ್ಲ. ನಂಬಿಕೆಯೆಂದು ಗೌರವದಿಂದ ಹೇಳಿದರೆ ಸಾಕು.

ಮೂರನೆಯದು ದೆವ್ವದ ಕಥೆ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಸುತ್ತಲಿನ ಊರುಗಳಲ್ಲೂ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂಬ ಬರಹ ಕಾಣಿಸಿಕೊಂಡದ್ದನ್ನು ಹಿರಿಯ ವರ್ತಕರು ಮರೆತಿರಲಾರರು. ಬಂಧುಗಳ ದನಿಯಲ್ಲಿ ಬಾಗಿಲು ತಟ್ಟುವ ಹೆಣ್ಣು ದೆವ್ವವು ಈ ಬರಹವನ್ನು ಓದಿ ದಿನವೂ ಹಿಂದಿರುಗುವುದೆಂಬುದು ಆಗಿನ ನಂಬಿಕೆ. ಇದೇ ಜನಕಥೆಯ ಎಳೆಯನ್ನು ಹಿಡಿದು 2018ರಲ್ಲಿ ತೆರೆಕಂಡ 'ಸ್ತ್ರೀ' ಎಂಬ ಹಿಂದಿ ಚಲನಚಿತ್ರ ಭಾರೀ ಯಶಸ್ಸು ಗಳಿಸಿತು; 2024ರ ಅದರ ಮುಂದಿನ ಭಾಗ ಹಿಂದಿ ಚಿತ್ರರಂಗದ ಅತಿ ಹೆಚ್ಚು ಗಳಿಕೆಯ ಚಿತ್ರಗಳಲ್ಲೊಂದಾಯಿತು. ಕಥೆ ನಡೆದದ್ದು ಮಧ್ಯಪ್ರದೇಶದ ಚಂದೇರಿಯಲ್ಲೆಂದು ಚಿತ್ರ ತೋರಿಸಿತು. ಕರ್ನಾಟಕದ ಬಾಗಿಲುಗಳ ಮೇಲೆ ಸುಣ್ಣದಲ್ಲಿ ಬರೆದಿದ್ದ ಎರಡು ಪದಗಳ ಬೆಲೆಯನ್ನು ಮೊದಲು ಅರಿತವರು ಮುಂಬಯಿಯ ನಿರ್ಮಾಪಕರು.

ಬೆರೆಸಿದರೆ ಆಗುವ ನಷ್ಟ

ಸರಕನ್ನು ಬೆರೆಸಿದಾಗ ಏನಾಗುತ್ತದೆಂಬುದಕ್ಕೆ ಲಂಡನ್ ಪಾಠವಾಗಿದೆ. 1888ರಲ್ಲಿ ವೈಟ್‌ಚಾಪೆಲ್ ಪ್ರದೇಶದಲ್ಲಿ ಬಡ ಹೆಂಗಸರನ್ನು ಕೊಂದ 'ಜ್ಯಾಕ್ ದಿ ರಿಪ್ಪರ್' ಎಂಬ ಅಜ್ಞಾತ ಹಂತಕನ ಹೆಸರಿನಲ್ಲಿ ಅಲ್ಲಿ ನಡಿಗೆಗಳು ನಡೆಯುತ್ತವೆ. ಅದೇ ಪ್ರದೇಶದಲ್ಲಿ ಮಹಿಳೆಯರ ಇತಿಹಾಸದ ವಸ್ತುಸಂಗ್ರಹಾಲಯವೆಂದು ಹೇಳಿ ಅನುಮತಿ ಪಡೆದ ಸಂಸ್ಥೆಯೊಂದು 2015ರಲ್ಲಿ ಹಂತಕನ ಹೆಸರಿನ ಸಂಗ್ರಹಾಲಯವನ್ನು ತೆರೆದಾಗ ಸ್ಥಳೀಯರು ಬೀದಿಗಿಳಿದು ಪ್ರತಿಭಟಿಸಿದರು. ಇದಕ್ಕೆ ಪ್ರತಿಯಾಗಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಮೇರಿ ಕಿಂಗ್ಸ್ ಕ್ಲೋಸ್ ಎಂಬ ಹಳೆಯ ಓಣಿಯನ್ನು ನೋಡಬಹುದು. 1645ರ ಪ್ಲೇಗ್ ಕಾಲದಲ್ಲಿ ರೋಗಿಗಳನ್ನು ಜೀವಂತವಾಗಿ ಅಲ್ಲಿ ಗೋಡೆ ಕಟ್ಟಿ ಮುಚ್ಚಿದರೆಂಬುದು ಹಳೆಯ ಕಥೆ. 2003ರಿಂದ ಪ್ರವಾಸಿಗರಿಗೆ ತೆರೆದಿರುವ ಈ ಸ್ಥಳದಲ್ಲಿ ಆ ಕಥೆ ನಿಜವಲ್ಲವೆಂದು ವಿವರಿಸಲಾಗುತ್ತದೆ. ಆದರೂ ಟಿಕೆಟ್ ಮಾರಾಟ ಕುಂದಿಲ್ಲ. ಸತ್ಯ ಹೇಳಿದರೆ ಗಿರಾಕಿ ಓಡಿಹೋಗುವನೆಂಬ ಭಯ ನಿರಾಧಾರ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಅಗತ್ಯ. ವಿದುರಾಶ್ವತ್ಥದ ಹುತಾತ್ಮರ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಇದೇ ನಾಡಿನವರು. ಇದೇ ಅಂಗಡಿಗಳಿಗೆ ಬರುವ ಗಿರಾಕಿಗಳು. ಟಿಕೆಟ್ ಮಾರುವ ಆತುರದಲ್ಲಿ ಯಾರಾದರೂ ಅಲ್ಲಿ ರಾತ್ರಿ ನರಳುವ ದನಿ ಕೇಳಿಸುತ್ತದೆಂದು ಕಥೆ ಕಟ್ಟಿದರೆ ಅದು ಸತ್ತವರಿಗೂ ಬದುಕಿರುವವರಿಗೂ ಮಾಡುವ ಅವಮಾನ. ಕಾನೂನಿನ ದೃಷ್ಟಿಯನ್ನೂ ಮರೆಯುವಂತಿಲ್ಲ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯಲು ರಾಜ್ಯ 2017ರಲ್ಲಿ ಅಂಗೀಕರಿಸಿದ ಅಧಿನಿಯಮ 2020ರಿಂದ ಜಾರಿಯಲ್ಲಿದೆ. ಕಥೆಯನ್ನು ಕಥೆಯಾಗಿ ಹೇಳುವುದು ಒಂದು. ದೆವ್ವದ ಹೆಸರಿನಲ್ಲಿ ಜನರನ್ನು ಹೆದರಿಸಿ ಹಣ ಕೀಳುವುದು ಇನ್ನೊಂದು. ಸಂಘಟಕರು ಈ ಗೆರೆಯನ್ನು ದಾಟಬಾರದು.

ಮೇಲೂರಿನಂತಹ ಊರುಗಳ ಪಾಲು

ಹೆಸರಾಂತ ಸ್ಥಳಗಳಿಗಷ್ಟೇ ಈ ಅವಕಾಶ ಸೀಮಿತವಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಂತಹ, ಹಿಪ್ಪುನೇರಳೆ ತೋಟಗಳ ನಡುವಿನ ಊರುಗಳೂ ದೊಡ್ಡ ಘಟನೆಗಳಿಗೆ ಹೊರತಾಗಿರಲಿಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮ ಮೈಸೂರು ಸಂಸ್ಥಾನವನ್ನೇ ಅಲುಗಾಡಿಸಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. 1898ರಲ್ಲಿ ಪ್ಲೇಗ್ ಬಂದಾಗ ಜನರು ಮನೆ ಬಿಟ್ಟು ಊರಾಚೆಯ ಗುಡಿಸಲುಗಳಲ್ಲಿ ವಾಸಿಸಿದರು. ಆ ಭಯದಿಂದ ಹುಟ್ಟಿದ ಪ್ಲೇಗಮ್ಮನ ಗುಡಿಗಳು ನಾಡಿನ ಹಲವೆಡೆ ಇಂದಿಗೂ ಪೂಜೆಗೊಳ್ಳುತ್ತಿವೆ. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಕೆರೆಯಂಗಳ, ಹೊಲದ ಬದುಗಳಲ್ಲಿ ನಿಂತಿರುವ ವೀರಗಲ್ಲು, ಮಾಸ್ತಿಕಲ್ಲುಗಳು ತುರುಗಳ್ಳರೊಡನೆ ಹೋರಾಡಿ ಮಡಿದವರ, ಗಂಡನ ಚಿತೆಯೇರಿದ ಹೆಂಗಸರ ನೆನಪುಗಳು. ಊರಿನ ಹಿರಿಯರಿಂದ ಇವುಗಳ ಮಾಹಿತಿ ಸಂಗ್ರಹಿಸಿದರೆ ಬೆಳಗಿನ ಎರಡು ಗಂಟೆಯ ನಡಿಗೆಗೆ ಬೇಕಾದಷ್ಟು ಸಾಮಗ್ರಿ ದೊರೆಯುತ್ತದೆ. ನಡಿಗೆಯ ಕೊನೆಗೆ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಘಟಕವೊಂದರ ಭೇಟಿಯನ್ನೂ ಸೇರಿಸಿದರೆ ಉತ್ಪಾದಕರಿಗೆ ಗಿರಾಕಿಗಳೊಡನೆ ನೇರ ಪರಿಚಯವಾಗುತ್ತದೆ.

ಆದರೆ ಕರಾಳ ಇತಿಹಾಸವನ್ನು ಪ್ರಾಮಾಣಿಕವಾಗಿ ಹೇಳಹೊರಟವರು ತಮ್ಮ ಉದ್ದಿಮೆಯ ಹಿಂದಿನ ದಿನಗಳನ್ನು ಮುಚ್ಚಿಡುವಂತಿಲ್ಲ. ರೇಷ್ಮೆ ಉದ್ಯಮದಲ್ಲಿ ಮಕ್ಕಳ ಜೀತದ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕದ ಹೆಸರೂ ಇತ್ತು. ಬಿಸಿನೀರಿನ ತೊಟ್ಟಿಗಳ ಮುಂದೆ ನಿಂತಿದ್ದ ಮಕ್ಕಳ ಮಾತನ್ನು ಬಿಟ್ಟು ಟಿಪ್ಪುವಿನ ಕೈದಿಗಳ ಮಾತನ್ನಷ್ಟೇ ಆಡುವ ನಡಿಗೆ ಅರ್ಧಸತ್ಯದ ನಡಿಗೆಯಾದೀತು. ತಪ್ಪನ್ನು ತಾನೇ ಹೇಳಿ, ತಿದ್ದಿಕೊಂಡದ್ದನ್ನು ತೋರಿಸುವ ಉದ್ಯಮಿಯ ಮೇಲೆ ಗಿರಾಕಿಗೆ ವಿಶ್ವಾಸ ಹೆಚ್ಚುತ್ತದೆ.

ಆಗಬೇಕಾದ ಕಾರ್ಯ

ರೇಷ್ಮೆಯ ನಾಡಿಗೆ ಪರಿಹಾರವನ್ನು ಹೊರಗಿನಿಂದ ತರಬೇಕಾಗಿಲ್ಲ. ಕೃತಕ ನೂಲಿನ ಸೀರೆಗಳು ಅಸಲಿ ರೇಷ್ಮೆಯ ಹೆಸರಿನಲ್ಲಿ ಮಾರಾಟವಾಗುವುದನ್ನು ಎದುರಿಸಲು ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ 'ಸಿಲ್ಕ್ ಮಾರ್ಕ್' ಜಾರಿಗೆ ತಂದಿತು. ಕೃತಕ ನೂಲಿನ ವ್ಯಾಪಾರವನ್ನು ಅದು ನಿಷೇಧಿಸಲಿಲ್ಲ. ಅಸಲಿಗೆ ಗುರುತು ಕೊಟ್ಟಿತು. ಕಥೆಗಳಿಗೂ ಅಂತಹ ಗುರುತು ಬೇಕು. ಜಿಲ್ಲೆಯ ವರ್ತಕರ ಸಂಘಗಳು ಇತಿಹಾಸ ಬಲ್ಲ ಕಾಲೇಜು ಅಧ್ಯಾಪಕರು ಹಾಗೂ ಊರಿನ ಹಿರಿಯರನ್ನೊಳಗೊಂಡ ಸಣ್ಣ ಸಮಿತಿಯನ್ನು ರಚಿಸಿ, ಪ್ರತಿಯೊಂದು ನಡಿಗೆಯ ನಿರೂಪಣೆಯನ್ನು ಪರಿಶೀಲಿಸಬಹುದು. ಯಾವುದು ದಾಖಲೆ, ಯಾವುದು ನಂಬಿಕೆ, ಯಾವುದು ಕಟ್ಟುಕಥೆ ಎಂಬುದು ಟಿಕೆಟ್ಟಿನ ಹಿಂಬದಿಯಲ್ಲೇ ಅಚ್ಚಾಗಿರಲಿ. ವಿದುರಾಶ್ವತ್ಥದಂತಹ ಸ್ಥಳಗಳಲ್ಲಿ ದೆವ್ವದ ಕಥೆಗೆ ಸಂಪೂರ್ಣ ನಿಷೇಧವಿರಲಿ. ಅಲ್ಲಿಯ ಸಂಗ್ರಹದ ಒಂದು ಭಾಗ ಸ್ಮಾರಕದ ನಿರ್ವಹಣೆಗೆ ಸಲ್ಲಲಿ. ಸಂಜೆಯ ನಂತರ ನಂದಿಬೆಟ್ಟದ ಮೇಲೆ ದಿನದ ಪ್ರವಾಸಿಗರು ಉಳಿಯುವಂತಿಲ್ಲವಾದ್ದರಿಂದ ರಾತ್ರಿಯ ನಡಿಗೆಗಳನ್ನು ಪಟ್ಟಣದ ಬೀದಿಗಳಿಗೆ ಸೀಮಿತಗೊಳಿಸಿ, ಪೊಲೀಸರ ಪೂರ್ವಾನುಮತಿ ಪಡೆಯುವುದು ಉಚಿತ.

ಬಂಡವಾಳ ಅಲ್ಪವಾಗಿರುವ ಉದ್ಯಮಕ್ಕೆ ಪೈಪೋಟಿ ಬೇಗ ಬರುತ್ತದೆ. ಜಿಲ್ಲೆಯವರು ಸುಮ್ಮನಿದ್ದರೆ ಹೊರಗಿನ ಯಾರೋ ಬಸ್ಸು ತುಂಬ ಜನರನ್ನು ಕರೆತಂದು, ತಮಗೆ ತೋಚಿದ ದೆವ್ವಗಳನ್ನು ಇಲ್ಲಿಯ ಕಲ್ಲುಗಳ ಮೇಲೆ ಕೂರಿಸಿ, ಹಣ ಎಣಿಸಿಕೊಂಡು ಹೋಗುವುದು ಖಚಿತ. ತಕ್ಕಡಿಯಲ್ಲಿ ಮೋಸ ಮಾಡಿದ ಅಂಗಡಿಗೆ ಗಿರಾಕಿ ಮತ್ತೆ ಬರುವುದಿಲ್ಲವೆಂಬುದು ಪ್ರತಿಯೊಬ್ಬ ವರ್ತಕನೂ ಬಲ್ಲ ಮಾತು. ಕಥೆಯ ತಕ್ಕಡಿಗೂ ಅದೇ ನಿಯಮ ಅನ್ವಯಿಸುತ್ತದೆ.