ಬೆಳಗಿನ ಒಲೆಗೆ ಎರಡೇ ಕೈಗಳೇಕೆ?

ಸಿಂಧನೂರು ತಾಲೂಕಿನ ಮುಕ್ಕುಂದ ತುಂಗಭದ್ರೆಯ ದಂಡೆಯ ಊರು. ಹೊಳೆಗೂ ಕಾಲುವೆಗೂ ನೀರು ಬಂದು ಭತ್ತದ ನಾಟಿ ಶುರುವಾಯಿತೆಂದರೆ ಈ ಭಾಗದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ದಿನ ಕತ್ತಲಿರುವಾಗಲೇ ಆರಂಭವಾಗುತ್ತದೆ. ಫಜ್ರ್ ಅಝಾನ್ ಆಗುವ ಹೊತ್ತಿಗೆ ಮನೆಮನೆಯಲ್ಲೂ ರೊಟ್ಟಿ ಬಡಿಯುವ ಸದ್ದು. ಆರು ಗಂಟೆಗೆಲ್ಲ ಕೂಲಿಯವರನ್ನು ಒಯ್ಯುವ ಟಂಟಂ ಬಂದು ನಿಲ್ಲುತ್ತದೆ. ಅಷ್ಟರೊಳಗೆ ಕಸ ಹೊಡೆಯಬೇಕು, ನೀರು ತುಂಬಬೇಕು, ಗಂಡನಿಗೆ ಚಹಾ ಕೊಡಬೇಕು, ಮಕ್ಕಳಿಗೆ ತಿನ್ನಲು ಏನಾದರೂ ಮಾಡಿಡಬೇಕು, ಬುತ್ತಿ ಕಟ್ಟಬೇಕು. ಇಷ್ಟೆಲ್ಲದರ ನಡುವೆ ಆಕೆ ತಾನು ತಿನ್ನುವುದು ಯಾವಾಗ? ಗದ್ದೆಯ ಬದುವಿನ ಮೇಲೆ ಹತ್ತು ಗಂಟೆಗೆ ಬುತ್ತಿ ಬಿಚ್ಚಿದಾಗಲೇ ಆಕೆಯ ಬಾಯಿಗೆ ಆ ದಿನದ ಮೊದಲ ತುತ್ತು.

ಮಕ್ಕಳ ಕಥೆ ಇನ್ನೊಂದು. ತಾಯಿ ಹೋದ ಮೇಲೆ ಏಳುವ ಮಗು ಐದು ರೂಪಾಯಿ ಹಿಡಿದು ಅಂಗಡಿಗೆ ಹೋಗುತ್ತದೆ. ಒಂದು ಬಿಸ್ಕಿಟ್ ಪೊಟ್ಟಣ, ಮನೆಯಲ್ಲಿ ಉಳಿದ ಚಹಾ. ಇಲ್ಲವೇ ಒಂದು ಕುರ್ಕುರೆ ಪೊಟ್ಟಣ. ಅದನ್ನು ತಿಂದು ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲುತ್ತದೆ. ಇಡೀ ನಾಡಿಗೆ ಸೋನಾ ಮಸೂರಿ ಉಣ್ಣಿಸುವ ತಾಲೂಕಿನ ಮಗುವಿನ ಬೆಳಗಿನ ಊಟ ಇದು!

‘ನಿಮಗೆ ಸಮಯವಿಲ್ಲ, ಚಿಂತೆ ಬೇಡ, ನಾವಿದ್ದೇವೆ’ ಎಂಬುದು ಪೊಟ್ಟಣದ ಕಂಪೆನಿಗಳ ಮಂತ್ರ. ಎಂಬತ್ತರ ದಶಕದಲ್ಲಿ ಎರಡು ನಿಮಿಷದ ನೂಡಲ್ಸ್ ನಮ್ಮ ದೇಶಕ್ಕೆ ಬಂತು. 1994ರಲ್ಲಿ ಮೆಕ್ಕೆಜೋಳದ ಕಾರ್ನ್‌ಫ್ಲೇಕ್ಸ್ ಬಂತು. ತಣ್ಣನೆಯ ಹಾಲಿನಲ್ಲಿ ಕುರುಮ್ ಕುರುಮ್ ಎಂದು ತಿನ್ನುವ ಅದನ್ನು ನಮ್ಮವರು ಬಿಸಿ ಹಾಲಿಗೆ ಹಾಕಿ ಗಂಜಿ ಮಾಡಿಕೊಂಡರು. ಕಂಪೆನಿಗೆ ಬೇಸರವಾಗಿರಬಹುದು, ಆದರೆ ಬೆಳಗ್ಗೆ ಹೊಟ್ಟೆಗೆ ಬಿಸಿಯಾದದ್ದು ಬೀಳಬೇಕೆಂಬ ನಮ್ಮವರ ತಿಳಿವಳಿಕೆಯಲ್ಲಿ ತಪ್ಪೇನಿತ್ತು? ನಗರದ ಮಧ್ಯಮ ವರ್ಗದ ಮೇಜಿನ ಮೇಲಿನ ಈ ಡಬ್ಬಿಗಳ ಬಗ್ಗೆ ನಮಗೆ ಹೆಚ್ಚಿನ ಚಿಂತೆಯಿಲ್ಲ. ಕೊಳ್ಳುವ ಶಕ್ತಿ ಇರುವವರಿಗೆ ಬಿಡುವ ಶಕ್ತಿಯೂ ಇರುತ್ತದೆ. ಹಳ್ಳಿಯ ಅಂಗಡಿಯ ಮೊಳೆಗೆ ನೇತುಬಿದ್ದಿರುವ ಐದು ರೂಪಾಯಿಯ ಮಾಲೆಗಳದ್ದೇ ನಮ್ಮ ಚಿಂತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಶೇಕಡಾ ರಕ್ತಹೀನರು. 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 47.8 ಶೇಕಡಾ. ಊಟದ ಜೊತೆ ಕುಡಿಯುವ ಚಹಾ ಇದ್ದ ಕಬ್ಬಿಣಾಂಶವನ್ನೂ ದೇಹಕ್ಕೆ ಸೇರಗೊಡುವುದಿಲ್ಲ ಎಂಬುದನ್ನು ವೈದ್ಯರು ಹೇಳುತ್ತಲೇ ಇದ್ದಾರೆ. ನಾವು ಕೇಳುತ್ತಲೇ ಚಹಾ ಕುಡಿಯುತ್ತಿದ್ದೇವೆ.

ಕಂಪೆನಿಯನ್ನು ಬೈಯುವುದು ಸುಲಭ. ನಮ್ಮ ತಕರಾರು ಇನ್ನೊಂದು ಕಡೆಯವರ ಮೇಲೂ ಇದೆ, ಅವರು ನಮ್ಮವರೇ. ಮದುವೆ ಮನೆಯ ಹರಟೆಯಲ್ಲಿ, ಸಮಾಜ ಸುಧಾರಣೆಯ ಭಾಷಣಗಳಲ್ಲಿ, ಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಸುತ್ತದೆ. ಹಿಂದಿನ ತಾಯಂದಿರು ಎಷ್ಟು ಕಷ್ಟಪಟ್ಟು ಅಡುಗೆ ಮಾಡುತ್ತಿದ್ದರು, ಈಗಿನವರು ಸೋಮಾರಿಗಳು, ಹೊರಗಿನ ದುಡಿಮೆ ಮತ್ತು ಟಿವಿ ಸೇರಿ ಅಡುಗೆಮನೆಯನ್ನು ಹಾಳು ಮಾಡಿದವು ಎಂದು. ಹೀಗೆ ಹೇಳುವ ಮಹನೀಯರು ಆ ‘ಹಿಂದಿನ ತಾಯಿ’ ಎಷ್ಟು ಗಂಟೆಗೆ ಏಳುತ್ತಿದ್ದಳು, ಎಷ್ಟು ಗಂಟೆಗೆ ಉಣ್ಣುತ್ತಿದ್ದಳು ಎಂದು ಒಮ್ಮೆಯಾದರೂ ಕೇಳಿದ್ದಾರೆಯೇ? ಆಕೆಯ ಕೈರುಚಿಯನ್ನು ಹೊಗಳುವವರು ಆಕೆಯ ಕೈಗೆ ಒಂದು ಲೋಟ ನೀರು ತಂದು ಕೊಟ್ಟ ನೆನಪು ಯಾರಿಗಾದರೂ ಇದೆಯೇ? ‘ಗೃಹಿಣಿಯರಿಗಾಗಿ ಹತ್ತು ಸುಲಭ ತಿಂಡಿಗಳು’ ಎಂದು ತಲೆಬರಹ ಕೊಡುವ ನಾವು ಪತ್ರಿಕೆಯವರೂ ಈ ತಪ್ಪಿನಲ್ಲಿ ಪಾಲುದಾರರು. ‘ಗಂಡಸರಿಗಾಗಿ’ ಎಂದು ಬರೆಯಲು ನಮ್ಮ ಕೈ ಏಳಲಿಲ್ಲ.

ಮನೆಯ ತಿಂಡಿಗೆ ಸಮಯ ಹೆಚ್ಚು ಬೇಕೆಂಬ ಮಾತು ನಿಜವೇ? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ಭಾಗದ ಬೆಳಗಿನ ತಿಂಡಿಗಳೆಲ್ಲ ಮೂಲತಃ ಅವಸರದ ಜನರು ಅವಸರದ ಜನರಿಗಾಗಿ ಕಂಡುಕೊಂಡವು. ರಾತ್ರಿಯ ರೊಟ್ಟಿ ಉಳಿದಿದ್ದರೆ ಅದನ್ನು ಮುರಿದು ನೀರು ಚಿಮುಕಿಸಿ, ಈರುಳ್ಳಿ-ಮೆಣಸಿನಕಾಯಿಯ ಒಗ್ಗರಣೆಗೆ ಹಾಕಿದರೆ ಹತ್ತು ನಿಮಿಷದಲ್ಲಿ ತಿಂಡಿ. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಉಪ್ಪು, ಕೆಂಪು ಖಾರ, ಎಣ್ಣೆ ಹಾಕಿ ಕುಟ್ಟಿ ಉಂಡೆ ಕಟ್ಟಿದರೆ ಮುಟಗಿ. ಅದನ್ನು ಕೈಯಲ್ಲಿ ಹಿಡಿದು ನಡೆಯುತ್ತಲೇ ತಿನ್ನಬಹುದು. ರಾತ್ರಿಯ ಅನ್ನಕ್ಕೆ ಮೊಸರು, ಶೇಂಗಾ ಹಿಂಡಿ. ಜೋಳದ ಹಿಟ್ಟನ್ನು ಹಿಂದಿನ ದಿನವೇ ಹುಳಿಸಿ ಕಾಯಿಸಿಟ್ಟ ಅಂಬಲಿಗೆ ಬೆಳಗ್ಗೆ ಮಜ್ಜಿಗೆ, ಉಪ್ಪು, ಹಸಿ ಈರುಳ್ಳಿ. ಗುರೆಳ್ಳು ಪುಡಿ, ಅಗಸಿ ಪುಡಿ, ಪುಟಾಣಿ ಪುಡಿಗಳನ್ನು ತಿಂಗಳಿಗೊಮ್ಮೆ ಕುಟ್ಟಿ ಡಬ್ಬಿ ತುಂಬಿದರೆ ಮೂವತ್ತು ದಿನ ಪಲ್ಯದ ಚಿಂತೆಯಿಲ್ಲ. ಕಟಿ ರೊಟ್ಟಿಯನ್ನು ಒಮ್ಮೆ ಮಾಡಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ‘ರೆಡಿ ಟು ಈಟ್’ ಎಂಬುದನ್ನು ಕಂಡುಹಿಡಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ನಮಗೆ ಪೊಟ್ಟಣದ ಮೇಲೇನೂ ಹಗೆಯಿಲ್ಲ. ಊರಿನ ನಾಲ್ಕು ಹೆಣ್ಣುಮಕ್ಕಳು ಸೇರಿ ಕಟಿ ರೊಟ್ಟಿ ಮಾಡಿ ಪೊಟ್ಟಣ ಕಟ್ಟಿ ಮಾರಿದರೆ ಅದನ್ನು ಸಂತೋಷದಿಂದ ಕೊಳ್ಳೋಣ. ಆ ದುಡ್ಡು ಊರಲ್ಲೇ ಉಳಿಯುತ್ತದೆ.

ನಮ್ಮ ಮುಸ್ಲಿಮ್ ಮನೆಗಳಲ್ಲಿ ಇದರ ಜೊತೆ ಇನ್ನೊಂದಿದೆ, ಖಿಚಡಿ-ಖಟ್ಟಾ. 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದ ನಮಗೆ ಹೈದರಾಬಾದಿನಿಂದ ಬಂದ ನಂಟು. ಅಕ್ಕಿ, ಮಸೂರ ಬೇಳೆ, ಚಿಟಿಕೆ ಅರಿಶಿನ ಒಂದೇ ಪಾತ್ರೆಯಲ್ಲಿ ಬೇಯುತ್ತದೆ. ಪಕ್ಕದಲ್ಲಿ ಹುಣಸೆ-ಎಳ್ಳಿನ ಖಟ್ಟಾ. ಒಂದು ಹಪ್ಪಳ. ಬೇಳೆ ನೆನೆಸುವುದೂ ಬೇಡ, ರುಬ್ಬುವುದೂ ಬೇಡ. ಬಿರಿಯಾನಿಯ ಬಗ್ಗೆ ಪುಟಗಟ್ಟಲೆ ಬರೆಯುವವರು ಈ ಬಡ ಖಿಚಡಿಯ ಬಗ್ಗೆ ಎರಡು ಸಾಲು ಬರೆದಿದ್ದನ್ನು ನಾವು ಕಂಡಿಲ್ಲ. ಆದರೆ ಜ್ವರ ಬಂದು ಬಾಯಿ ಕೆಟ್ಟವನು ಕೇಳುವುದು ಬಿರಿಯಾನಿಯನ್ನಲ್ಲ.

ಹಾಗಾದರೆ ಕೊರತೆ ಸಮಯದ್ದಲ್ಲ. ಕೊರತೆ ಇರುವುದು ಕೈಗಳದ್ದು. ಕೇಂದ್ರ ಸರಕಾರದ ಅಂಕಿ-ಅಂಶ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ಕೈ ಹಚ್ಚಿದ ಹೆಣ್ಣುಮಕ್ಕಳು 81.2 ಶೇಕಡಾ, ಗಂಡಸರು 26.1 ಶೇಕಡಾ. ಕೈ ಹಚ್ಚಿದವರ ಪೈಕಿ ಹೆಣ್ಣು ದಿನಕ್ಕೆ 299 ನಿಮಿಷ ದುಡಿದರೆ ಗಂಡು 97 ನಿಮಿಷ. ಐದು ವರ್ಷ ಕಳೆದು 2024ರಲ್ಲಿ ಮತ್ತೆ ಸಮೀಕ್ಷೆ ಮಾಡಿದಾಗ ಹೆಣ್ಣಿನ ಪಾಲು 289 ನಿಮಿಷಕ್ಕೆ ಇಳಿದಿತ್ತು. ಸಂತೋಷ. ಆದರೆ ಗಂಡಿನ ಪಾಲು ಏರಿರಬೇಕಲ್ಲವೇ? ಅದು 88ಕ್ಕೆ ಇಳಿದಿತ್ತು! ಹೆಣ್ಣಿಗೆ ಹತ್ತು ನಿಮಿಷದ ಬಿಡುವು ಸಿಗುವಾಗ ಗಂಡು ತನ್ನ ಪಾಲಿನ ಒಂಬತ್ತು ನಿಮಿಷವನ್ನು ಎತ್ತಿಟ್ಟುಕೊಂಡಿದ್ದ. ‘ಬ್ಯುಸಿ’ ಎಂಬ ಪದವನ್ನು ಅತಿ ಹೆಚ್ಚು ಬಳಸುವವರು ಯಾರು, ಅದರ ಭಾರ ಹೊರುವವರು ಯಾರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಈ ಕೈಗಳ ಲೆಕ್ಕಕ್ಕೂ ನಮ್ಮ ಹೊಲಗಳಿಗೂ ಸಂಬಂಧವಿದೆ. 1945ರಲ್ಲಿ ಶುರುವಾಗಿ 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಯೋಜನೆಯ ಎಡದಂಡೆ ಕಾಲುವೆಯನ್ನು ಮೂಲತಃ ರೂಪಿಸಿದ್ದು ಭತ್ತದ ಸಮುದ್ರಕ್ಕಾಗಿ ಅಲ್ಲ. ಬರಗಾಲದ ಸೀಮೆಗೆ ತೆಳುವಾಗಿ ನೀರು ಹಂಚಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನು ಉಳಿಸಲು. ಮೇಲಿನವರು ಭತ್ತ ಹಾಕಿದರು, ಕೆಳಗಿನ ಮಾನ್ವಿ-ರಾಯಚೂರಿನ ಕಡೆಯವರು ನೀರಿಗೆ ಬಾಯಿ ಬಿಟ್ಟರು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋದಾಗ ಇಡೀ ಸೀಮೆಯ ಎದೆ ಒಡೆಯಿತು. ಎಲ್ಲರ ಬಾಯಲ್ಲೂ ಭತ್ತದ ಮಾತೇ. ಜೋಳ ಎಂದೋ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ವಸ್ತುವಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೊಟೀನು, 10 ಗ್ರಾಂ ನಾರು. ಪಾಲಿಶ್ ಅಕ್ಕಿಯಲ್ಲಿ ಪ್ರೊಟೀನು 8 ಗ್ರಾಂ, ನಾರು 3 ಗ್ರಾಂ ಕೂಡ ಇಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನಗರಗಳಲ್ಲಿ ಮೇಳ ನಡೆದವು, ಮೇಳದಲ್ಲಿ ಜೋಳದ ಕುಕೀಸ್ ಮಾರಾಟವಾದವು. ನಾಟಿಗೆ ಹೋಗುವ ಹೆಣ್ಣುಮಗಳ ಬುತ್ತಿಗೆ ಅದರಿಂದ ಒಂದು ರೊಟ್ಟಿ ಹೆಚ್ಚಾಯಿತೇ?

ಧರ್ಮದ ಹೆಸರಿನಲ್ಲಿ ಒಲೆಯನ್ನು ಹೆಣ್ಣಿನ ಕೊರಳಿಗೆ ಕಟ್ಟುವವರು ಒಮ್ಮೆ ಪ್ರವಾದಿಯವರ(ಸ) ಮನೆಯೊಳಗೆ ಇಣುಕಲಿ. ಪ್ರವಾದಿಯವರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ ಹ. ಆಯಿಶಾ(ರ) ಕೊಟ್ಟ ಉತ್ತರ ಬುಖಾರಿಯಲ್ಲಿದೆ. ಅವರು ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝ್‌ನ ಹೊತ್ತಾದಾಗ ಎದ್ದು ಹೋಗುತ್ತಿದ್ದರು ಎಂಬುದು ಅದರ ಸಾರ. ಮುಅ್ತ ಯುದ್ಧದಲ್ಲಿ ಹ. ಜಅ್ಫರ್(ರ) ಹುತಾತ್ಮರಾದ ಸುದ್ದಿ ಬಂದಾಗ, ಆ ಮನೆಯವರಿಗೆ ಅಡುಗೆಯ ಕಡೆ ಗಮನ ಕೊಡಲಾಗದ ಸಂಕಟ ಬಂದಿದೆ, ಅವರಿಗಾಗಿ ನೀವು ಅಡುಗೆ ಮಾಡಿ ಎಂದು ಪ್ರವಾದಿಯವರು(ಸ) ಉಳಿದವರಿಗೆ ಹೇಳಿದರು. ದುಃಖದ ಮನೆಯವರಿಗೆ ಹ. ಆಯಿಶಾ(ರ) ತಲ್‌ಬೀನ ಎಂಬ ಗಂಜಿ ಮಾಡಿಸುತ್ತಿದ್ದರು. ಅದು ರೋಗಿಯ ಹೃದಯಕ್ಕೆ ನೆಮ್ಮದಿ ಕೊಡುತ್ತದೆ, ದುಃಖವನ್ನು ಒಂದಿಷ್ಟು ಇಳಿಸುತ್ತದೆ ಎಂಬ ಪ್ರವಾದಿಯವರ(ಸ) ಮಾತನ್ನು ಅವರು ನೆನಪಿಸುತ್ತಿದ್ದರು. ಜವೆಯ ಹಿಟ್ಟಿನ ಆ ಗಂಜಿಗೂ ನಮ್ಮ ಜೋಳದ ಅಂಬಲಿಗೂ ಏನು ದೂರ? ಮನಸ್ಸಿಗೆ ಸಮಾಧಾನ ಕೊಡುವ ಊಟ ಎಂಬುದು ಇಂದಿನ ಜಾಹೀರಾತಿನವರು ಕಂಡುಹಿಡಿದದ್ದಲ್ಲ. ಆದರೆ ರಮಝಾನ್‌ನ ಸಹರಿಯ ಹೊತ್ತಿಗೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಹೆಣ್ಣುಮಕ್ಕಳು ಮೂರು ಗಂಟೆಗೆ ಎದ್ದು ಅಡುಗೆ ಮಾಡುತ್ತಾರೆ. ದಸ್ತರಖಾನ್ ಹಾಸಿದ ಮೇಲೆ ಗಂಡಸರನ್ನು ಎಬ್ಬಿಸುತ್ತಾರೆ. ಸುನ್ನತ್‌ನ ಪಾಲನೆಯಲ್ಲೂ ನಾವು ನಮಗೆ ಬೇಕಾದದ್ದನ್ನು ಆರಿಸಿಕೊಂಡಿದ್ದೇವೆ.

ಸರಕಾರಕ್ಕೂ ಎರಡು ಮಾತು. ನೆರೆಯ ತಮಿಳುನಾಡು 2022ರ ಸೆಪ್ಟೆಂಬರ್‌ನಲ್ಲಿ ಮದುರೈಯಿಂದ ಶಾಲಾ ಮಕ್ಕಳಿಗೆ ಬೆಳಗಿನ ತಿಂಡಿ ಆರಂಭಿಸಿ ಮರುವರ್ಷ ರಾಜ್ಯದ ಎಲ್ಲ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಿತು. ಉಪ್ಪಿಟ್ಟು, ಪೊಂಗಲ್, ಖಿಚಡಿ. ನಮ್ಮಲ್ಲಿ 2013ರ ಕ್ಷೀರಭಾಗ್ಯದ ಹಾಲಿದೆ, 2024ರಿಂದ ಅದಕ್ಕೆ ವಾರದ ಕೆಲವು ದಿನ ರಾಗಿ ಮಾಲ್ಟ್ ಸೇರಿದೆ. ಒಳ್ಳೆಯದೇ. ಆದರೆ ಖಾಲಿ ಹೊಟ್ಟೆಗೆ ಒಂದು ಲೋಟ ಹಾಲು ಊಟವಲ್ಲ. 2021ರ ಡಿಸೆಂಬರ್‌ನಲ್ಲಿ ರಾಯಚೂರು ಸೇರಿದಂತೆ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೀದಿಗಿಳಿಯುವ ಎಚ್ಚರಿಕೆ ಕೊಟ್ಟರು. ಮೊಟ್ಟೆಗೆ ಇಷ್ಟು ಬಿಸಿಯಾದವರು ಬಿಸ್ಕಿಟ್-ಚಹಾ ಕುಡಿದು ಬರುವ ಮಗುವಿನ ಬಗ್ಗೆ ತಣ್ಣಗಿರುವುದೇಕೆ? ಶಾಲೆಯ ತಿಂಡಿ ಎಂದರೆ ಊರಿನ ತಾಯಂದಿರಿಗೆ ಸಿಗುವ ಇನ್ನೊಂದು ಜೊತೆ ಕೈ. ಕೊಡುವುದಾದರೆ ಮೊದಲು ಈ ಜಿಲ್ಲೆಯಿಂದಲೇ ಕೊಡಲಿ.

ಕೊನೆಯದಾಗಿ, ‘ಗಂಡಸರಿಗೆ ಅಡುಗೆ ಬರುವುದಿಲ್ಲ’ ಎಂಬ ವಾದ. ಬೆಳಗ್ಗೆ ಸಿಂಧನೂರಿನ ಬಸ್ ನಿಲ್ದಾಣದ ಸುತ್ತ ಒಮ್ಮೆ ತಿರುಗಿ ಬನ್ನಿ. ದೊಡ್ಡ ಬಾಣಲೆಯಲ್ಲಿ ಒಗ್ಗರಣೆ ತಿರುವುತ್ತಿರುವವರು, ಮಿರ್ಚಿ ಕರಿಯುತ್ತಿರುವವರು, ಚಹಾ ಸೋಸುತ್ತಿರುವವರು ಯಾರು? ನಿಕಾಹ್‌ನ ದೇಗ್ ಮುಂದೆ ನಿಂತು ನೂರಾರು ಜನರಿಗೆ ಬಿರಿಯಾನಿ ಇಳಿಸುವವರು ಯಾರು? ದುಡ್ಡು ಬರುವ ಒಲೆಯ ಮುಂದೆ ನಿಂತರೆ ಉಸ್ತಾದ್, ಮನೆಯ ಒಲೆಯ ಮುಂದೆ ನಿಂತರೆ ಹೆಂಡತಿಯ ಗುಲಾಮ! ಬೆಂಗಳೂರಿಗೆ ಗುಳೆ ಹೋದ ನಮ್ಮ ಹುಡುಗರು ಕಟ್ಟಡದ ಶೆಡ್ಡುಗಳಲ್ಲಿ ತಾವೇ ಅನ್ನ-ಸಾರು ಮಾಡಿಕೊಂಡು ತಿನ್ನುತ್ತಾರೆ. ಊರಿಗೆ ಮರಳಿ ಹೊಸ್ತಿಲು ದಾಟಿದ ಕೂಡಲೇ ಆ ವಿದ್ಯೆ ಮರೆತುಹೋಗುತ್ತದೆ.

ಆದ್ದರಿಂದ ಇದನ್ನು ಗಂಡಸರಿಗಾಗಿಯೇ ಬರೆಯುತ್ತಿದ್ದೇವೆ. ಬೇರೆ ಕಡೆ ಮಂಡಕ್ಕಿ, ಚುರುಮುರಿ ಎನ್ನುವ ನಮ್ಮ ಮಂಡಾಳಿನ ಒಗ್ಗರಣೆ, ನಾಲ್ಕು ಮಂದಿಗೆ. ಎರಡು ಈರುಳ್ಳಿ, ನಾಲ್ಕು ಹಸಿ ಮೆಣಸಿನಕಾಯಿ, ಒಂದು ಟೊಮೆಟೊ ಹೆಚ್ಚಿಟ್ಟುಕೊಳ್ಳಿ. ಬಾಣಲೆಯಲ್ಲಿ ನಾಲ್ಕು ಚಮಚ ಎಣ್ಣೆ ಕಾದ ಮೇಲೆ ಸಾಸಿವೆ, ಜೀರಿಗೆ, ಒಂದು ಹಿಡಿ ಶೇಂಗಾ, ಕರಿಬೇವು ಹಾಕಿ. ಶೇಂಗಾ ಕೆಂಪಾದ ಮೇಲೆ ಈರುಳ್ಳಿ-ಮೆಣಸಿನಕಾಯಿ, ಆಮೇಲೆ ಟೊಮೆಟೊ, ಅರಿಶಿನ, ಉಪ್ಪು. ಅದು ಮೆತ್ತಗಾಗುತ್ತಿರುವಾಗ ದೊಡ್ಡ ಬೋಗುಣಿ ತುಂಬ ಮಂಡಾಳನ್ನು ನೀರಿನಲ್ಲಿ ಅದ್ದಿ ತಕ್ಷಣ ಹಿಂಡಿ ತೆಗೆಯಿರಿ. ಫೋನ್ ನೋಡುತ್ತ ನಿಂತರೆ ಹಿಟ್ಟಾಗುತ್ತದೆ. ಬಾಣಲೆಗೆ ಹಾಕಿ, ಎರಡು ಮುಷ್ಟಿ ಪುಟಾಣಿ ಪುಡಿ ಉದುರಿಸಿ, ಕೆಳಗಿನಿಂದ ಮೇಲಕ್ಕೆ ತಿರುವಿ. ಒಲೆ ಆರಿಸಿದ ಮೇಲೆ ಅರ್ಧ ನಿಂಬೆಹಣ್ಣು, ಕೊತ್ತಂಬರಿ. ಎಲ್ಲ ಸೇರಿ ಹದಿನೈದು ನಿಮಿಷ. ಮೊದಲ ತಟ್ಟೆಯನ್ನು ನಾಟಿಗೆ ಹೊರಟವಳ ಕೈಗೆ ಕೊಡಿ, ಟಂಟಂ ಬರುವ ಮೊದಲು. ಬಾಣಲೆಯನ್ನೂ ತೊಳೆದಿಡಿ.