ಸಂಜೆ ಐದರೊಳಗೆ ತಲುಪಬೇಕಾದ ಗಾಡಿ

ಕಾಸರಗೋಡಿನ ಪೂರ್ವದ ಗುಡ್ಡಗಳಲ್ಲಿ, ವಯನಾಡಿನ ತೋಟಗಳ ನಡುವೆ, ನೀಲಗಿರಿಯ ಇಳಿಜಾರುಗಳಲ್ಲಿ ಬಸ್ಸಿನ ದಾರಿ ಮುಗಿದಲ್ಲಿಂದ ಜೀಪಿನ ದಾರಿ ಮೊದಲಾಗುತ್ತದೆ. ಶಾಲೆಗೆ ಹೋಗುವ ಮಕ್ಕಳನ್ನೂ ಪಡಿತರದ ಅಕ್ಕಿಯನ್ನೂ ಆಸ್ಪತ್ರೆಗೆ ಹೊರಟ ರೋಗಿಯನ್ನೂ ಒಂದೇ ಸಮನಾಗಿ ಹೊತ್ತ ವಾಹನವಿದು. ಅದು ಒಂದು ಕಂಪೆನಿಯ ಗುರುತು ಎಂಬುದನ್ನು ಮರೆಯುವಷ್ಟು ಆ ಹೆಸರು ಕನ್ನಡದ ಮಾತಿನೊಳಗೆ ಬೆರೆತುಹೋಗಿದೆ. ಆದರೆ ಈ ವಾಹನ ಕೈಗೊಂಡ ಮೊದಲ ದೂರಪ್ರಯಾಣದ ಕಥೆ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಪ್ರಯಾಣ ನಡೆದದ್ದು 1940ರ ಸೆಪ್ಟೆಂಬರ್ 23ರ ಸೋಮವಾರ, ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಬಟ್ಲರ್ ಎಂಬ ಸಣ್ಣ ಪಟ್ಟಣದಿಂದ.

ಆ ವರ್ಷದ ಜೂನ್ ತಿಂಗಳಲ್ಲಿ ಫ್ರಾನ್ಸ್ ದೇಶವು ಜರ್ಮನಿಯ ವಶವಾಗಿತ್ತು. ಯುದ್ಧ ತನ್ನ ಬಾಗಿಲಿಗೂ ಬಂದೀತೆಂದು ಅರಿತ ಅಮೆರಿಕದ ಸೈನ್ಯಕ್ಕೆ ಕುದುರೆಯ ಬದಲಿಗೆ ಕಾಡುಮೇಡುಗಳಲ್ಲಿ ನುಗ್ಗಬಲ್ಲ ಹಗುರವಾದ ಗಾಡಿಯೊಂದು ಬೇಕಾಯಿತು. ಜುಲೈ ತಿಂಗಳಲ್ಲಿ 135 ಕಂಪೆನಿಗಳಿಗೆ ಪತ್ರ ಹೋಯಿತು. ಅದರಲ್ಲಿದ್ದ ಷರತ್ತುಗಳನ್ನು ಕಂಡು ಹೆಚ್ಚಿನವರು ಸುಮ್ಮನಾದರು. ಗಾಡಿಯ ನಾಲ್ಕೂ ಚಕ್ರಗಳಿಗೆ ಎಂಜಿನಿನ ಬಲ ಸಿಗಬೇಕು. ತೂಕ 1,300 ಪೌಂಡು, ಅಂದರೆ ಸುಮಾರು 590 ಕಿಲೋಗ್ರಾಂ ಮೀರಕೂಡದು. ಮೊದಲ ಮಾದರಿ 49 ದಿನಗಳಲ್ಲಿ, ಒಟ್ಟು 70 ಗಾಡಿಗಳು 75 ದಿನಗಳಲ್ಲಿ ಸಿದ್ಧವಾಗಬೇಕು. ಮುಂದೆ ಬಂದವರು ಇಬ್ಬರೇ: ವಿಲ್ಲಿಸ್-ಓವರ್‌ಲ್ಯಾಂಡ್ ಹಾಗೂ ಬಟ್ಲರಿನ ಅಮೆರಿಕನ್ ಬ್ಯಾಂಟಮ್.

ಬ್ಯಾಂಟಮ್ ಕಂಪೆನಿ ಇಂಗ್ಲೆಂಡಿನ ಆಸ್ಟಿನ್ ಕಾರಿನ ಮಾದರಿಯಲ್ಲಿ ಪುಟ್ಟ ಕಾರುಗಳನ್ನು ತಯಾರಿಸಿ ಮಾರಲು ಹೊರಟು ಸೋತಿತ್ತು. ಅಗಲವಾದ ರಸ್ತೆಗಳ ಆ ದೇಶದಲ್ಲಿ ದೊಡ್ಡ ಕಾರುಗಳಿಗೇ ಮನ್ನಣೆ. ಒಮ್ಮೆ ದಿವಾಳಿಯಾಗಿ ಬೇರೆ ಹೆಸರಿನಿಂದ ತಲೆಯೆತ್ತಿದ್ದ ಆ ಕಾರ್ಖಾನೆಯಲ್ಲಿ 1940ರ ಹೊತ್ತಿಗೆ ಯಂತ್ರಗಳು ಬಹುಮಟ್ಟಿಗೆ ಮೌನವಾಗಿದ್ದವು. ಸೈನ್ಯದ ಈ ಬೇಡಿಕೆ ಅದರ ಪಾಲಿಗೆ ಕೊನೆಯ ಊರುಗೋಲು. ಆದರೆ ನಕ್ಷೆ ಬರೆಯಲು ಸಮರ್ಥ ಎಂಜಿನಿಯರ್ ಇರಲಿಲ್ಲ. ಡೆಟ್ರಾಯಿಟಿನ ಕಾರ್ಲ್ ಪ್ರಾಬ್ಸ್ಟ್ ಎಂಬಾತನನ್ನು ಕರೆಸಿದರು. ಕೆಲಸ ದೊರೆತರೆ ಸಂಬಳ, ಇಲ್ಲವಾದರೆ ಇಲ್ಲ ಎಂಬ ಒಪ್ಪಂದಕ್ಕೆ ಆತನು ತಲೆಬಾಗಿದನು. ಜುಲೈ 17ರಂದು ಕುಳಿತವನು ಎರಡೇ ದಿನಗಳಲ್ಲಿ ಇಡೀ ಗಾಡಿಯ ರೂಪರೇಖೆಯನ್ನು ಕಾಗದದ ಮೇಲೆ ಇಳಿಸಿದನು.

ತೂಕದ ಲೆಕ್ಕ ಮಾತ್ರ ಹೊಂದಲಿಲ್ಲ. ಎಷ್ಟೇ ಹಿಡಿತ ಮಾಡಿದರೂ ಗಾಡಿ 1,850 ಪೌಂಡಿಗೆ ಬಂದು ನಿಲ್ಲುತ್ತಿತ್ತು. ಪ್ರಾಬ್ಸ್ಟ್‌ನ ನೆನಪುಗಳ ಪ್ರಕಾರ, ಅರ್ಜಿ ಸಲ್ಲಿಸುವ ಮುನ್ನ ಕಂಪೆನಿಯ ಪ್ರತಿನಿಧಿ ಆ ಅಂಕಿಯನ್ನು ಮಿತಿಯೊಳಕ್ಕೆ ತಿದ್ದಿ ಬರೆಸಿದನು. ಯಾರಿಂದಲೂ ಸಾಧಿಸಲಾಗದ ಮಿತಿಯನ್ನು ಸೈನ್ಯವೇ ಮುಂದೆ ಸಡಿಲಿಸಬೇಕಾದೀತೆಂದು ಅವರ ಎಣಿಕೆ. ವಿಲ್ಲಿಸ್ ಕೇಳಿದ ಬೆಲೆ ಕಡಿಮೆಯಿತ್ತು. ಆದರೆ ಅದು ಹೆಚ್ಚು ದಿನ ಬೇಡಿತು. ವಿಳಂಬಕ್ಕೆ ತೆರಬೇಕಾದ ದಂಡವನ್ನು ಕೂಡಿಸಿದಾಗ ಬ್ಯಾಂಟಮ್ ಗೆದ್ದಿತು.

ಗೆದ್ದುದು ಕರಾರು; ಗಾಡಿ ಇನ್ನೂ ಆಗಬೇಕಿತ್ತು. ಸಾಮಾನ್ಯ ಗಾಡಿಯಲ್ಲಿ ಎಂಜಿನಿನ ಬಲ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಅವು ಕೆಸರಿನಲ್ಲಿ ಜಾರಿ ಸುತ್ತತೊಡಗಿದರೆ ಉಳಿದೆರಡು ಚಕ್ರಗಳು ಕೇವಲ ಹೊರೆ. ನಾಲ್ಕಕ್ಕೂ ಬಲ ಸಿಕ್ಕಾಗ ಗಟ್ಟಿ ನೆಲ ಸಿಕ್ಕಿದ ಚಕ್ರಗಳು ಗಾಡಿಯನ್ನು ಎಳೆದುಕೊಳ್ಳಬಲ್ಲವು. ಕೇಳಲು ಸರಳವಾದ ಈ ತತ್ತ್ವದ ತೊಡಕಿರುವುದು ಮುಂದಿನ ಅಚ್ಚಿನಲ್ಲಿ. ಮುಂದಿನ ಚಕ್ರಗಳು ಎಡಬಲಕ್ಕೆ ಹೊರಳುತ್ತಲೂ ಇರಬೇಕು, ಹೊರಳಿದ ಸ್ಥಿತಿಯಲ್ಲಿಯೇ ತಡೆಯಿಲ್ಲದೆ ತಿರುಗುತ್ತಲೂ ಇರಬೇಕು. ಅದಕ್ಕೆ ವಿಶೇಷವಾದ ಕೀಲುಗಳು ಬೇಕು. ಜೊತೆಗೆ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಇನ್ನೊಂದು ಗೇರುಪೆಟ್ಟಿಗೆ ಬೇಕು. ದೊಡ್ಡ ಲಾರಿಗಳಲ್ಲಿ ಇವೆಲ್ಲ ಇದ್ದವು. ಇಷ್ಟು ಚಿಕ್ಕ ಗಾಡಿಗೆ ಹೊಂದುವಂಥವು ಸಿದ್ಧವಾಗಿ ಸಿಗುತ್ತಿರಲಿಲ್ಲ. ಪ್ರಾಬ್ಸ್ಟ್ ಬಟ್ಲರಿಗೆ ಬರುವ ದಾರಿಯಲ್ಲಿಯೇ ಟೊಲೀಡೊ ನಗರದಲ್ಲಿ ಇಳಿದು ಅಚ್ಚು ತಯಾರಿಸುವ ಸ್ಪೈಸರ್ ಕಂಪೆನಿಯವರನ್ನು ಕಂಡು ಬಂದಿದ್ದುದು ಈ ಕಾರಣಕ್ಕೆ. ಎಂಜಿನ್ ಕಾಂಟಿನೆಂಟಲ್ ಕಂಪೆನಿಯದು, ಸುಮಾರು 45 ಅಶ್ವಶಕ್ತಿಯದು. ಒಡಲಿನ ತಗಡುಗಳನ್ನು ಕಾರ್ಖಾನೆಯ ಕುಶಲಿಗಳು ಕೈಯಿಂದಲೇ ಬಗ್ಗಿಸಿ ಕೂಡಿಸಿದರು. ಹೆರಾಲ್ಡ್ ಕ್ರಿಸ್ಟ್ ಎಂಬ ಅನುಭವಿ ಆ ಕೆಲಸದ ಮೇಲ್ವಿಚಾರಕನು.

ಗಾಡಿ ಪೂರ್ಣಗೊಂಡದ್ದು ಸೆಪ್ಟೆಂಬರ್ 21ರಂದು. ಅದನ್ನು ಒಪ್ಪಿಸಬೇಕಾದ ಸ್ಥಳ ಬಾಲ್ಟಿಮೋರ್ ನಗರದ ಕ್ಯಾಂಪ್ ಹೋಲಾಬರ್ಡ್ ಎಂಬ ಸೈನಿಕ ಶಿಬಿರ. ಗಡುವು 23ರ ಸಂಜೆ 5 ಗಂಟೆ. ನಡುವೆ ಸುಮಾರು 400 ಕಿಲೋಮೀಟರುಗಳ ದಾರಿ, ದಾರಿಗೆ ಅಡ್ಡಲಾಗಿ ಅಲೆಗೇನಿ ಪರ್ವತಗಳ ಸಾಲು. ಹೊಸ ವಾಹನವನ್ನು ಹಲವು ದಿನ ಓಡಿಸಿ, ತಪ್ಪುಗಳನ್ನು ಕಂಡು ತಿದ್ದಿ, ಬಳಿಕ ಒಪ್ಪಿಸುವುದು ರೂಢಿ. ಅದಕ್ಕೆ ಕಾಲವಿರಲಿಲ್ಲ. ಆದುದರಿಂದ ಒಪ್ಪಿಸಲು ಹೋಗುವ ಪ್ರಯಾಣವೇ ಪರೀಕ್ಷೆಯೂ ಆಗಲಿ ಎಂದು ನಿರ್ಧರಿಸಿದರು. ಪ್ರಾಬ್ಸ್ಟ್ ಹಾಗೂ ಕ್ರಿಸ್ಟ್ ಇಬ್ಬರೇ ಗಾಡಿ ಏರಿ ಹೊರಟರು. ಅದರ ಪ್ರತಿಯೊಂದು ತಿರುಪು ಎಲ್ಲಿದೆಯೆಂದು ಬಲ್ಲವರು ಅವರು. ಅದರಲ್ಲಿ ಯಾವುದು ಮೊದಲು ಸಡಿಲಗೊಂಡೀತೆಂದು ಬಲ್ಲವರು ಯಾರೂ ಇರಲಿಲ್ಲ.

ಹೊಸ ಎಂಜಿನಿನ ಭಾಗಗಳು ಒಂದಕ್ಕೊಂದು ಉಜ್ಜಿ ಹದಗೊಳ್ಳುವವರೆಗೆ ಅದನ್ನು ದಣಿಸಬಾರದು. ಹೊಸ ಬೈಕು ಕೊಂಡವರಿಗೂ ಅಂಗಡಿಯವರು ಇಂದಿಗೂ ಹೇಳುವ ಬುದ್ಧಿಮಾತು ಇದು. ಹಾಗಾಗಿ ಇಬ್ಬರೂ ಮೊದಮೊದಲು ಗಂಟೆಗೆ ನಲವತ್ತು ಕಿಲೋಮೀಟರಿನ ಆಸುಪಾಸಿನ ಮಂದಗತಿಯಲ್ಲಿ ಸಾಗಿದರು. ಆದರೆ ಗಡಿಯಾರ ಎಂಜಿನಿನ ಹದಕ್ಕೆ ಕಾಯುವಂಥದಲ್ಲ. ನಿಧಾನಿಸಿದರೆ ಗಡುವು ತಪ್ಪೀತು, ಅವಸರಿಸಿದರೆ ಗಾಡಿ ಕೆಟ್ಟೀತು. ಹೊತ್ತು ಏರಿದಂತೆ ಅವರು ವೇಗವನ್ನು ಹೆಚ್ಚಿಸಲೇಬೇಕಾಯಿತು. ಅಲೆಗೇನಿ ಪರ್ವತಗಳನ್ನು ಏಳು ಸುರಂಗಗಳ ಮೂಲಕ ದಾಟುವ ಪೆನ್ಸಿಲ್ವೇನಿಯದ ಹೊಸ ಹೆದ್ದಾರಿ ಸಂಚಾರಕ್ಕೆ ತೆರೆದದ್ದು ಅಕ್ಟೋಬರ್ 1ರಂದು, ಅಂದರೆ ಕೇವಲ ಎಂಟು ದಿನಗಳ ಬಳಿಕ. ಈ ಗಾಡಿಗೆ ದೊರೆತದ್ದು ಹಳೆಯ ಏರಿಳಿತಗಳ ದಾರಿಯೇ.

ಶಿಬಿರದ ಬಾಗಿಲನ್ನು ಅವರು ಹೊಕ್ಕಾಗ ಗಂಟೆ ನಾಲ್ಕೂವರೆ. ಉಳಿದಿದ್ದುದು ಅರ್ಧ ಗಂಟೆ.

ಅಲ್ಲಿದ್ದ ಮೇಜರ್ ಹರ್ಬರ್ಟ್ ಲಾಸ್ ಸೈನ್ಯಕ್ಕಾಗಿ ವಾಹನಗಳನ್ನು ಪರೀಕ್ಷಿಸುತ್ತಲೇ ವರ್ಷಗಳನ್ನು ಕಳೆದವನು. ಆತನು ಗಾಡಿಯನ್ನು ತಾನೇ ಕಡಿದಾದ ಏರುಗಳಲ್ಲಿ ಓಡಿಸಿ ಬಂದು, ಇದು ಇತಿಹಾಸದಲ್ಲಿ ಉಳಿಯುವಂಥದೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದನೆಂದು ಪ್ರಾಬ್ಸ್ಟ್ ನೆನೆದಿದ್ದಾನೆ. ತೂಕದ ಮಾತು ಬಂದಾಗ ಪ್ರಾಬ್ಸ್ಟ್ ನಿಜವನ್ನು ಮುಚ್ಚಿಡಲಿಲ್ಲ. ಮುಂದೆ ಸೈನ್ಯವೇ ತನ್ನ ಮಿತಿಯನ್ನು 2,160 ಪೌಂಡುಗಳಿಗೆ ಏರಿಸಿತು. ಬಳಿಕ ಮೂರು ವಾರಗಳ ಕಾಲ ಶಿಬಿರದವರು ಗಾಡಿಯನ್ನು ಸುಮಾರು 5,500 ಕಿಲೋಮೀಟರು, ಹೆಚ್ಚಿನ ಪಾಲು ರಸ್ತೆಯೇ ಇಲ್ಲದ ನೆಲದಲ್ಲಿ, ದಯೆಯಿಲ್ಲದೆ ಓಡಿಸಿದರು. ಹಲವು ಭಾಗಗಳು ಮುರಿದವು, ಆದರೂ ಗಾಡಿ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಪಾಠಪುಸ್ತಕಕ್ಕೆ ಒಪ್ಪುವ ಕಥೆಯಾಗುತ್ತಿತ್ತು. ಪರೀಕ್ಷೆಯ ಕಾಲದಲ್ಲಿ ವಿಲ್ಲಿಸ್ ಹಾಗೂ ಫೋರ್ಡ್ ಕಂಪೆನಿಗಳ ಎಂಜಿನಿಯರುಗಳು ಬ್ಯಾಂಟಮ್ ಗಾಡಿಯನ್ನು ಹತ್ತಿರದಿಂದ ನೋಡಿದರು. ಅದರ ನಕ್ಷೆಗಳನ್ನು ಸೈನ್ಯವೇ ಅವರಿಗೆ ನೀಡಿತು. ಪುಟ್ಟ ಕಾರ್ಖಾನೆಯೊಂದು ಯುದ್ಧಕ್ಕೆ ಬೇಕಾಗುವಷ್ಟು ಗಾಡಿಗಳನ್ನು ಮಾಡಲಾರದೆಂಬುದು ಸೈನ್ಯದ ವಾದ. ಕೊನೆಗೆ ದೊಡ್ಡ ಆದೇಶಗಳು ವಿಲ್ಲಿಸ್‌ಗೂ ಫೋರ್ಡ್‌ಗೂ ಹೋದವು. ಅವೆರಡೂ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಬ್ಯಾಂಟಮ್ ತಯಾರಿಸಿದವು ಮೂರು ಸಾವಿರಕ್ಕೂ ಕಡಿಮೆ. ಆ ಬಳಿಕ ಅದರ ಪಾಲಿಗೆ ಉಳಿದದ್ದು ಜೀಪಿನ ಹಿಂದೆ ಕಟ್ಟಿ ಎಳೆಯುವ ಬಂಡಿಗಳನ್ನು ಮಾಡುವ ಕೆಲಸ.

ಭಾರತಕ್ಕೆ ಜೀಪು ಬಂದದ್ದು ವಿಲ್ಲಿಸ್ ಹೆಸರಿನಲ್ಲಿಯೇ. 1945ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆ ಆ ದಶಕದ ಕೊನೆಯ ವರ್ಷಗಳಲ್ಲಿ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ನಮ್ಮ ಘಟ್ಟದ ಊರುಗಳ ಜೀಪುಗಳು ಆ ವಂಶಕ್ಕೆ ಸೇರಿದವು. ಇಂದು ಕುಟುಂಬಗಳು ಕೊಂಡುಕೊಳ್ಳುವ ನಾಲ್ಕು ಚಕ್ರದ ಬಲದ ಹೊಸ ವಾಹನಗಳ ರೂಪ, ಬೆಲೆ, ಸೌಕರ್ಯ ಎಲ್ಲವೂ ಬೇರೆ. ಬಿಡುವಿನ ದಿನ ದೊರೆತೊಡನೆ ಮಕ್ಕಳನ್ನು ಕೂರಿಸಿಕೊಂಡು ದೂರದ ಊರಿಗೆ ಹೊರಡುವವರಿಗೆ ಕಾರ್ಖಾನೆಯ ಪರೀಕ್ಷೆಗಳನ್ನೆಲ್ಲ ದಾಟಿ ಬಂದ ಗಾಡಿ ಸಿಗುತ್ತದೆ. ಒಂದು ಮಾತನ್ನು ಮಾತ್ರ ಅವರೂ ನೆನಪಿನಲ್ಲಿಡಬೇಕು. ನಾಲ್ಕು ಚಕ್ರಗಳ ಬಲ ಗಾಡಿಯನ್ನು ಕೆಸರಿನಿಂದ ಹೊರಗೆಳೆಯುತ್ತದೆ, ಏರನ್ನು ಹತ್ತಿಸುತ್ತದೆ. ಒದ್ದೆಯಾದ ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಅದರಿಂದ ಹೆಚ್ಚಿನ ನೆರವಿಲ್ಲ. ನಿಲ್ಲುವ ವಿಷಯದಲ್ಲಿ ಎಲ್ಲ ಗಾಡಿಗಳೂ ಟಯರನ್ನೂ ಚಾಲಕನ ವಿವೇಕವನ್ನೂ ನಂಬಿದವು.

ಯುದ್ಧಕಾಲದ ಜಾಹೀರಾತುಗಳಲ್ಲಿ ಜೀಪನ್ನು ಸೃಷ್ಟಿಸಿದ್ದು ತಾನೇ ಎಂದು ವಿಲ್ಲಿಸ್ ಹೇಳಿಕೊಂಡಿತು. ಅಮೆರಿಕದ ಕೇಂದ್ರ ವ್ಯಾಪಾರ ಆಯೋಗವು ಅದನ್ನು ಪ್ರಶ್ನಿಸಿ ವಿಚಾರಣೆ ನಡೆಸಿತು. ಜೀಪಿನ ಕಲ್ಪನೆ ಮೂಡಿದ್ದು ಬ್ಯಾಂಟಮ್ ಕಂಪೆನಿಯಿಂದ, ಸೈನ್ಯದ ಅಧಿಕಾರಿಗಳ ಸಹಕಾರದಲ್ಲಿ, ಎಂದು ಕಂಡುಕೊಂಡು, ಅಂಥ ಜಾಹೀರಾತನ್ನು ನಿಲ್ಲಿಸುವಂತೆ 1948ರಲ್ಲಿ ಆದೇಶಿಸಿತು. ಆ ಹೊತ್ತಿಗೆ ಬಟ್ಲರಿನ ಕಾರ್ಖಾನೆ ಜೀಪುಗಳನ್ನು ಮಾಡುವುದನ್ನು ಬಿಟ್ಟು ಏಳು ವರ್ಷಗಳಾಗಿದ್ದವು. ಆದೇಶದಿಂದ ಅದಕ್ಕೆ ಹೊಸ ಕೆಲಸವೇನೂ ದೊರೆಯಲಿಲ್ಲ. ಆದರೆ ಆ ಗಾಡಿ ಮೊದಲು ಯಾರ ಕೈಯಲ್ಲಿ ರೂಪುಗೊಂಡಿತು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಕಡತದಲ್ಲಿ ಉಳಿಯಿತು. ಜೀಪಿನಲ್ಲಿ ಶಾಲೆಗೆ ಹೋಗುವ ಮಕ್ಕಳು ಕೇಳಿದರೆ ಹೇಳಬೇಕಾದ ಹೆಸರುಗಳಲ್ಲಿ ಆ ಸೋಮವಾರ ಬೆಟ್ಟ ದಾಟಿ ಬಂದ ಇಬ್ಬರದೂ ಸೇರಿರಲಿ.